ಕ್ಯಾಮೆರಾ ಬ್ಯಾಟರಿ, ಚಾರ್ಜರ್, ಅಡಾಪ್ಟರ್: ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಬೇಡ

ಹೊಸ ಕ್ಯಾಮೆರಾದ ಬಾಕ್ಸ್‌ನಲ್ಲಿ ಒಂದೇ ಬ್ಯಾಟರಿ ಬರುತ್ತದೆ. ಮದುವೆ, ಜಾತ್ರೆ, ಹಕ್ಕಿ ಫೋಟೊ, ಯಕ್ಷಗಾನದ ಲೈವ್, ಯಾವುದಕ್ಕೆ ಹೋದರೂ ಅದೊಂದು ಸಾಲುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಕಂಪನಿ ಬ್ಯಾಟರಿಗೆ ಒಂದು ರೇಟು, ಅದೇ ಆಕಾರದ ಇನ್ನೊಂದಕ್ಕೆ ಅದರ ಅರ್ಧವೂ ಇಲ್ಲ. ಆನ್‌ಲೈನ್‌ನಲ್ಲಿ ಇನ್ನೂ ಅಗ್ಗ, ಜೊತೆಗೆ ಚಾರ್ಜರ್ ಬೇರೆ ಫ್ರೀ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡನೇ, ಮೂರನೇ ಬ್ಯಾಟರಿಯಲ್ಲಿ ನೋಡಿಕೊಂಡು ಸ್ವಲ್ಪ ದುಡ್ಡು ಉಳಿಸಬಹುದು. ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಯಾವ ವಸ್ತುವಿನಲ್ಲೂ ಉಳಿಸಲು ಹೋಗಬಾರದು. ಆ ಫ್ರೀ ಚಾರ್ಜರ್ ಇದೆಯಲ್ಲ, ನನಗೆ ಜಾಸ್ತಿ ಅನುಮಾನ ಅದರ ಮೇಲೆಯೇ.

ಮೊದಲು: ಕೈಯಲ್ಲಿರುವ ಬ್ಯಾಟರಿಯನ್ನು ಓದಿ

ಕ್ಯಾಮೆರಾದ ಹೆಸರು ಹೇಳಿ ಬ್ಯಾಟರಿ ಕೇಳಬೇಡಿ. ಬ್ಯಾಟರಿಯ ಹೆಸರನ್ನೇ ಹೇಳಿ. ಕ್ಯಾನನ್ 1500ಡಿ, 3000ಡಿಗೆ ಎಲ್‌ಪಿ-ಇ10. 200ಡಿ ಮಾರ್ಕ್ 2ಗೆ ಎಲ್‌ಪಿ-ಇ17. ನಿಕಾನ್ ಡಿ3500, ಡಿ5600ಗೆ ಇಎನ್-ಇಎಲ್14ಎ. ಸೋನಿ ಝಡ್‌ವಿ-ಇ10ಗೆ ಎನ್‌ಪಿ-ಎಫ್‌ಡಬ್ಲ್ಯೂ50. ಅದೇ ಝಡ್‌ವಿ-ಇ10ನ ಎರಡನೇ ಮಾದರಿ ತಂದರೆ ಬ್ಯಾಟರಿ ಬೇರೆ, ಎನ್‌ಪಿ-ಎಫ್‌ಝಡ್100. ಕ್ಯಾಮೆರಾ ಹೆಸರು ಒಂದೇ ಥರ ಇದೆ ಅಂತ ತಂದು ವಾಪಸ್ ಕೊಡಲು ಓಡಾಡಬೇಕಾಗುತ್ತದೆ.

ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಂಖ್ಯೆ ಇರುತ್ತವೆ: ವೋಲ್ಟ್, ಮಿಲಿಆ್ಯಂಪ್-ಅವರ್, ವಾಟ್-ಅವರ್. ವೋಲ್ಟ್ ಅನ್ನು ಆ್ಯಂಪ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ. ಎಲ್‌ಪಿ-ಇ10 ಮೇಲೆ 7.4 ವೋಲ್ಟ್, 860 ಮಿಲಿಆ್ಯಂಪ್-ಅವರ್ ಎಂದಿದೆ. ಅಂದರೆ ಸುಮಾರು 6.4 ವಾಟ್-ಅವರ್. ಎನ್‌ಪಿ-ಎಫ್‌ಝಡ್100 ಮೇಲೆ 7.2 ವೋಲ್ಟ್, 2280 ಮಿಲಿಆ್ಯಂಪ್-ಅವರ್. ಅದು 16.4 ವಾಟ್-ಅವರ್. ಒಂದು ಬ್ಯಾಟರಿಯಲ್ಲಿ ನಿಜವಾಗಿ ಎಷ್ಟು ಶಕ್ತಿ ಇದೆ ಎಂದು ಹೇಳುವುದು ಈ ವಾಟ್-ಅವರ್. ಮುಂದೆ ಎರಡು ಮೂರು ಕಡೆ ಇದು ಬೇಕಾಗುತ್ತದೆ.

7.2 ವೋಲ್ಟ್ ಎಂದು ಬರೆದಿದ್ದರೆ ಒಳಗೆ ಎರಡು ಲಿಥಿಯಂ-ಅಯಾನ್ ಸೆಲ್ ಸಾಲಾಗಿ ಕೂತಿವೆ ಎಂದರ್ಥ. ಒಂದೊಂದು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಎರಡೂ ಸೇರಿ 8.4. ಹಾಗಾಗಿಯೇ ಇಂಥ ಬ್ಯಾಟರಿಯ ಚಾರ್ಜರ್ ಮೇಲೆ 8.4 ವೋಲ್ಟ್ ಎಂದಿರುತ್ತದೆ. ಜೇಬಿಗೆ ಹಾಕುವ ಸಣ್ಣ ಕ್ಯಾಮೆರಾಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಒಂದೇ ಸೆಲ್, 3.6 ಅಥವಾ 3.7 ವೋಲ್ಟ್. ಅದರ ಚಾರ್ಜರ್ 4.2 ವೋಲ್ಟ್. ಪಿನ್ ಕೂತಿತು ಅಂತ ಸುಮ್ನೆ ಒಂದರ ಚಾರ್ಜರ್‌ನಲ್ಲಿ ಇನ್ನೊಂದನ್ನು ಹಾಕಿ ನೋಡಬೇಡಿ. ಒಂದೇ ಸೆಲ್ಲಿಗೆ 8.4 ವೋಲ್ಟ್ ಹೋದರೆ ಅದು ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

ಎಷ್ಟು ಬ್ಯಾಟರಿ ಬೇಕು?

ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಎಂಬುದು ಒಂದು ಅಳತೆಯ ಕ್ರಮ ಮಾಡಿದೆ. ಒಂದು ಚಾರ್ಜಿಗೆ ಎಷ್ಟು ಫೋಟೊ ಬರುತ್ತದೆ ಎಂದು ಕ್ಯಾಮೆರಾದ ಕೈಪಿಡಿಯಲ್ಲಿ ಬರೆಯುವುದು ಅದರ ಪ್ರಕಾರ. ನಿಕಾನ್ ಡಿ3500ಗೆ 1550, ಕ್ಯಾನನ್ 1500ಡಿಗೆ 500, ಸೋನಿ ಝಡ್‌ವಿ-ಇ10ಗೆ 440. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಒಳಗೆ ನೋಡುವಾಗ ಹೆಚ್ಚು ಕರೆಂಟ್ ಖರ್ಚಾಗುವುದಿಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರ್, ಸ್ಕ್ರೀನ್ ಎರಡೂ ಸದಾ ಓಡುತ್ತಿರುತ್ತವೆ. ಹಾಗಾಗಿ ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಬಂದವರು ಬ್ಯಾಟರಿ ಬಜೆಟ್ ಕೂಡ ಏರಿಸಲೇಬೇಕು.

ವಿಡಿಯೊ ಲೆಕ್ಕವೇ ಬೇರೆ. ಝಡ್‌ವಿ-ಇ10ನಲ್ಲಿ ನಿಲ್ಲಿಸದೆ ರೆಕಾರ್ಡ್ ಮಾಡಿದರೆ ಸುಮಾರು 125 ನಿಮಿಷ. ನಡುನಡುವೆ ನಿಲ್ಲಿಸಿ, ಝೂಮ್ ಮಾಡಿ, ಆಫ್-ಆನ್ ಮಾಡಿದರೆ 80 ನಿಮಿಷ ಎಂದು ಕಂಪನಿಯೇ ಹೇಳುತ್ತದೆ. ಇದು ಹೊಸ ಬ್ಯಾಟರಿಯ ಮಾತು. ಹಳೆಯದಾದಂತೆ ಇಳಿಯುತ್ತದೆ. ಫೋಟೊ ಮಾತ್ರ ತೆಗೆಯುವವರಿಗೆ ಕ್ಯಾಮೆರಾದಲ್ಲಿ ಒಂದು, ಚೀಲದಲ್ಲಿ ಒಂದು ಇದ್ದರೆ ಸಾಕು. ಮದುವೆ ವಿಡಿಯೊಗೆ ನಾಲ್ಕು ಇದ್ದರೂ ಕೊನೆಗೆ ಪ್ಲಗ್ ಹುಡುಕುವ ಹಾಗಾಗುತ್ತದೆ.

ಬೇರೆ ಕಂಪನಿಯ ಬ್ಯಾಟರಿ ಕೊಳ್ಳುವಾಗ

ಮೊದಲ ಪರೀಕ್ಷೆಗೆ ದುಡ್ಡು ಬೇಡ. ಬರೆದಿರುವ ಮಿಲಿಆ್ಯಂಪ್-ಅವರ್ ನಂಬುವ ಹಾಗಿದೆಯಾ ನೋಡಿ. ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿ 1800 ಮಿಲಿಆ್ಯಂಪ್-ಅವರ್‌ನಿಂದ ಶುರುವಾಯಿತು. ಎಲ್‌ಪಿ-ಇ6ಎನ್‌ನಲ್ಲಿ ಅದು 1865 ಆಯಿತು, ಎಲ್‌ಪಿ-ಇ6ಎನ್‌ಎಚ್‌ನಲ್ಲಿ 2130. ಅಷ್ಟು ದೊಡ್ಡ ಕಂಪನಿಗೆ ಅದೇ ಡಬ್ಬಿಯೊಳಗೆ ಇಷ್ಟು ಏರಿಸಲು ಹತ್ತು ವರ್ಷದ ಮೇಲೆ ಬೇಕಾಯಿತು. ಹಾಗಿರುವಾಗ ಹೆಸರೇ ಕೇಳಿರದ ಬ್ಯಾಟರಿ, ಅದೇ ಅಳತೆ, ಮೇಲೆ 3000 ಎಂದು ಬರೆದಿದ್ದರೆ ಅದು ಸುಳ್ಳು. ಸಂಖ್ಯೆಯಲ್ಲಿ ಸುಳ್ಳು ಹೇಳಿದವರು ಒಳಗಿನ ರಕ್ಷಣೆಯ ಸರ್ಕ್ಯೂಟ್‌ನಲ್ಲಿ ಪ್ರಾಮಾಣಿಕರಾಗಿರುತ್ತಾರೆ ಎಂದು ನಂಬಲು ನನಗಂತೂ ಆಗುವುದಿಲ್ಲ. ಕಂಪನಿ ಬ್ಯಾಟರಿಗಿಂತ ಸ್ವಲ್ಪ ಕಡಿಮೆ ಅಥವಾ ಅಷ್ಟೇ ಬರೆದಿರುವುದನ್ನು ಆರಿಸಿ.

ಎರಡನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅಸಲಿ ಬ್ಯಾಟರಿಯನ್ನೂ ಹೊಸದನ್ನೂ ಇಟ್ಟು ನೋಡಿ. ಒಂದೆರಡು ಗ್ರಾಂ ವ್ಯತ್ಯಾಸ ಸಹಜ. ಕಾಲು ಭಾಗ ಹಗುರವಾಗಿದ್ದರೆ ಒಳಗಿನ ಸೆಲ್ ಸಣ್ಣದು.

ಮೂರನೆಯದು ಬಾಕ್ಸ್. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಬ್ಯಾಟರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಫೋನ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ನಂಬರ್ ಕೊಟ್ಟರೆ ಅದು ಯಾವ ತಯಾರಕರದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ಬರುತ್ತದೆ. ಬೇರೆ ಯಾರದ್ದೋ ಹೆಸರು ಬಂದರೆ ಬಾಕ್ಸ್ ವಾಪಸ್ ಕೊಟ್ಟುಬಿಡಿ. ಆಮದು ಮಾಡಿದವರ ವಿಳಾಸ, ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ದೂರು ಕೊಡಲು ಫೋನ್ ನಂಬರ್, ಇವೆಲ್ಲ ಪ್ಯಾಕ್ ಮೇಲೆ ಇರಬೇಕೆಂಬುದೂ ಕಾನೂನೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ, ನಿಮ್ಮೂರ ಸ್ಟುಡಿಯೊ ಸಾಮಾನಿನ ಅಂಗಡಿಯಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಐವತ್ತು ರೂಪಾಯಿ ಕಮ್ಮಿ ಮಾಡ್ತೀನಿ ಅಂದರೆ ಬೇಡ ಅನ್ನಿ. ವಾರಂಟಿ ಎಂಬುದು ಆ ಚೀಟಿಯಲ್ಲಿ ಮಾತ್ರ ಇರುತ್ತದೆ.

ಇನ್ನೊಂದು ಜಾತಿ ಇದೆ. ಕಂಪನಿಯ ಹೆಸರನ್ನೇ ಹಾಕಿಕೊಂಡ ನಕಲಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು. ತನ್ನ ಹೆಸರು ಹಾಕಿ ಮಾರುವವನಿಗೆ ಹೆಸರು ಕೆಡುವ ಭಯ ಇರುತ್ತದೆ, ನಕಲಿ ಮಾಡುವವನಿಗೆ ಅದೂ ಇಲ್ಲ. ಅಸಲಿ ಎಂದು ಹೇಳಿ ಅರ್ಧ ಬೆಲೆಗೆ ಕೊಟ್ಟರೆ ಅಲ್ಲೇ ಅನುಮಾನಪಡಿ. ಅಸಲಿ ಬೇಕಿದ್ದರೆ ಅಧಿಕೃತ ಡೀಲರ್ ಬಳಿಯೇ ಹೋಗಿ.

ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಬ್ಯಾಟರಿ ಮುಗಿಯುವ ತನಕ ವಿಡಿಯೊ ರೆಕಾರ್ಡ್ ಮಾಡಿ. ಸಮಯ ಬರೆದಿಡಿ. ಅದನ್ನೇ ಅಸಲಿಯಲ್ಲೂ ಮಾಡಿ. ನೂರಕ್ಕೆ ಎಂಬತ್ತು ಬಂದರೆ ಬೇರೆ ಕಂಪನಿಯದ್ದು ಚೆನ್ನಾಗಿದೆ ಎನ್ನಬಹುದು. ಅರ್ಧಕ್ಕೆ ನಿಂತರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಟ್ಟುಬಿಡಿ. ಕೆಲವು ಕ್ಯಾಮೆರಾಗಳು ಬೇರೆ ಬ್ಯಾಟರಿ ಹಾಕಿದಾಗ ಎಚ್ಚರಿಕೆಯ ಸಂದೇಶ ತೋರಿಸುತ್ತವೆ, ಉಳಿದ ಚಾರ್ಜ್ ಸರಿಯಾಗಿ ತೋರಿಸುವುದಿಲ್ಲ. ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಅಂಥ ಬ್ಯಾಟರಿಯನ್ನು ಕ್ಯಾಮೆರಾ ಒಪ್ಪದೇ ಹೋಗುವುದೂ ಉಂಟು. ಮರುದಿನ ಮುಹೂರ್ತ ಇದ್ದರೆ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಲು ಹೋಗಬೇಡಿ.

ಚಾರ್ಜರ್

ಕ್ಯಾಮೆರಾ ಜೊತೆ ಬಂದ ಚಾರ್ಜರ್ ಕೆಟ್ಟಿಲ್ಲದಿದ್ದರೆ ಇನ್ನೊಂದು ಯಾಕೆ? ಅದನ್ನೇ ಬಳಸಿ. ಎರಡು ಬ್ಯಾಟರಿ ಒಟ್ಟಿಗೆ ಹಾಕುವ ಚಾರ್ಜರ್ ಬೇಕೆಂದರೆ ಯುಎಸ್‌ಬಿಯಿಂದ ನಡೆಯುವುದನ್ನು ತನ್ನಿ. ಅದನ್ನು ಒಳ್ಳೆಯ ಕಂಪನಿಯ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿ. ಆಗ ಮನೆಯ 230 ವೋಲ್ಟ್ ಅನ್ನು ತಡೆಯುವ ಕೆಲಸ ಆ ಒಳ್ಳೆಯ ಚಾರ್ಜರ್‌ನದ್ದು. ಅಗ್ಗದ ಭಾಗಕ್ಕೆ 5 ವೋಲ್ಟ್ ಮಾತ್ರ ಹೋಗುತ್ತದೆ. ನೇರವಾಗಿ ಗೋಡೆಗೆ ಸಿಕ್ಕಿಸುವ ಅಗ್ಗದ ಚಾರ್ಜರ್‌ಗಿಂತ ಇದು ಎಷ್ಟೋ ವಾಸಿ.

ಗೋಡೆಗೇ ಹಾಕುವ ಚಾರ್ಜರ್ ಅಥವಾ ಅಡಾಪ್ಟರ್ ಆದರೆ ಅದರ ಮೇಲೆ ಐಎಸ್ 13252 ಗುರುತು, ಚೌಕದೊಳಗೆ ಚೌಕದ ಚಿಹ್ನೆ ಇದೆಯಾ ನೋಡಿ. ಆ ಚಿಹ್ನೆ ಎರಡು ಪದರದ ಇನ್ಸುಲೇಷನ್ ಇದೆ ಎಂದು ಹೇಳುತ್ತದೆ. ಕೈಯಲ್ಲಿ ಹಿಡಿದಾಗ ಖಾಲಿ ಡಬ್ಬಿಯಷ್ಟು ಹಗುರ, ಅಲ್ಲಾಡಿಸಿದರೆ ಒಳಗೆ ಗಿಲಗಿಲ ಸದ್ದು, ಪಿನ್ ಸಾಕೆಟ್‌ನಲ್ಲಿ ಸಡಿಲ. ಇಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬ್ಯಾಟರಿ ಒಳಗಿರುವಾಗಲೇ ಟೈಪ್-ಸಿಯಿಂದ ಚಾರ್ಜ್ ಆಗುತ್ತದೆ. ಆದರೆ ಎಲ್ಲ ಮೊಬೈಲ್ ಚಾರ್ಜರ್‌ಗೂ ಅವು ಒಗ್ಗುವುದಿಲ್ಲ. ಕ್ಯಾನನ್ ಆರ್6 ಥರದವು ಪಿಡಿ ಎಂಬ ಪವರ್ ಡೆಲಿವರಿ ಚಾರ್ಜರ್ ಕೇಳುತ್ತವೆ. ಬರೀ 5 ವೋಲ್ಟ್‌ನ ಹಳೇ ಚಾರ್ಜರ್ ಹಾಕಿದರೆ ಸುಮ್ಮನೆ ಕೂತಿರುತ್ತವೆ. ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಇಡೀ ರಾತ್ರಿ ಓಡಬೇಕಾದರೆ

ಯಕ್ಷಗಾನದ ಲೈವ್ ಮಾಡುವವರಿಗೆ ಈ ಭಾಗವೇ ಮುಖ್ಯ. ಪೂರ್ಣರಾತ್ರಿಯ ಆಟಕ್ಕೆ ಬ್ಯಾಟರಿ ಬದಲಿಸುತ್ತಾ ಕೂತರೆ ಪ್ರತಿ ಸಲ ಚಿತ್ರ ಕಡಿಯುತ್ತದೆ. ಅದೂ ಸರಿಯಾಗಿ ಮಹಿಷಾಸುರ ಸಭೆಯ ನಡುವೆ ಬರುವಾಗಲೇ ಕಡಿಯುತ್ತದೆ, ಅಲ್ವಾ?

ಇಲ್ಲಿ ಎರಡು ದಾರಿ ಇವೆ. ಕ್ಯಾಮೆರಾ ಓಡುತ್ತಿರುವಾಗಲೇ ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುತ್ತದೆಯಾ ಎಂದು ಮೊದಲು ಕೈಪಿಡಿಯಲ್ಲಿ ನೋಡಿ. ಸೋನಿಯ ಝಡ್‌ವಿ-ಇ10, ಎ7 ಮೂರನೇ ಮಾದರಿ ತೆಗೆದುಕೊಳ್ಳುತ್ತವೆ. ಮೆನುವಿನಲ್ಲಿ ಯುಎಸ್‌ಬಿ ಪವರ್ ಸಪ್ಲೈ ಆನ್ ಮಾಡಬೇಕು, ಬ್ಯಾಟರಿ ಒಳಗೇ ಇರಬೇಕು. ಹೀಗಿದ್ದರೆ ಒಂದು ಪವರ್ ಬ್ಯಾಂಕ್ ಸಾಕು. ಅದರ ಮೇಲೆ 20,000 ಮಿಲಿಆ್ಯಂಪ್-ಅವರ್ ಎಂದು ಬರೆದಿರುವುದು ಒಳಗಿನ ಸೆಲ್ಲಿನ 3.7 ವೋಲ್ಟ್‌ನ ಲೆಕ್ಕ. ಅಂದರೆ 74 ವಾಟ್-ಅವರ್. ಸೋರಿಕೆ ಕಳೆದು 50 ಸಿಕ್ಕಿತು ಅಂತಿಟ್ಟುಕೊಳ್ಳಿ. ಎನ್‌ಪಿ-ಎಫ್‌ಡಬ್ಲ್ಯೂ50ಯಲ್ಲಿ ಇರುವುದು 7.3 ವಾಟ್-ಅವರ್, ಅದು 125 ನಿಮಿಷ ಓಡುತ್ತದೆ. ಅಂದರೆ ಗಂಟೆಗೆ ಸುಮಾರು ಮೂರೂವರೆ ವಾಟ್-ಅವರ್. ಲೆಕ್ಕದ ಪ್ರಕಾರ ಬೆಳಗಿನ ತನಕ ಓಡಿ ಇನ್ನೂ ಉಳಿಯಬೇಕು.

ಯುಎಸ್‌ಬಿ ದಾರಿ ಇಲ್ಲದ ಹಳೆಯ ಕ್ಯಾಮೆರಾಗೆ ಡಮ್ಮಿ ಬ್ಯಾಟರಿ. ಬ್ಯಾಟರಿಯ ಆಕಾರದ ಖಾಲಿ ತುಂಡು, ಅದರಿಂದ ಒಂದು ವೈರ್ ಹೊರಗೆ ಬಂದು ಅಡಾಪ್ಟರ್‌ಗೆ ಸೇರುತ್ತದೆ. ಬ್ಯಾಟರಿ ಬಾಗಿಲಿನ ಮೂಲೆಯಲ್ಲೊಂದು ಸಣ್ಣ ರಬ್ಬರ್ ಮುಚ್ಚಳ ಇರುತ್ತದಲ್ಲ, ಅದು ಈ ವೈರ್‌ಗಾಗಿಯೇ ಇರುವುದು. ಕ್ಯಾನನ್ 1500ಡಿಗೆ ಕಂಪನಿಯ ಸೆಟ್ ಎಸಿಕೆ-ಇ10. ನಿಕಾನ್‌ನಲ್ಲಿ ಎರಡನ್ನೂ ಬೇರೆ ಬೇರೆ ಕೊಳ್ಳಬೇಕು. ಡಿ5600ಗೆ ಇಪಿ-5ಎ ಎಂಬ ಕನೆಕ್ಟರ್, ಅದಕ್ಕೆ ಇಎಚ್-5ಬಿ ಅಡಾಪ್ಟರ್. ಒಂದನ್ನು ಮಾತ್ರ ತಂದರೆ ಕೆಲಸಕ್ಕೆ ಬರುವುದಿಲ್ಲ.

ಬೇರೆ ಕಂಪನಿಯ ಡಮ್ಮಿ ತರುವವರು ಮಲ್ಟಿಮೀಟರ್ ಒಂದನ್ನೂ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಮ್ಮಿಯನ್ನು ಕ್ಯಾಮೆರಾಗೆ ಹಾಕುವ ಮೊದಲು ಅಡಾಪ್ಟರ್ ಆನ್ ಮಾಡಿ, ಡಮ್ಮಿಯ ಪಿನ್‌ಗಳ ಮೇಲೆ ವೋಲ್ಟೇಜ್ ಅಳೆಯಿರಿ. ಅಸಲಿ ಬ್ಯಾಟರಿ 7.2 ಅಥವಾ 7.4 ವೋಲ್ಟ್‌ನದ್ದಾದರೆ ಡಮ್ಮಿಯಲ್ಲಿ 7.4ರಿಂದ 8.4ರ ಒಳಗೆ ಬರಬೇಕು. 9 ಅಥವಾ 12 ತೋರಿಸಿದರೆ ಕ್ಯಾಮೆರಾ ಹತ್ತಿರಕ್ಕೂ ತರಬೇಡಿ (ನಿಕಾನ್‌ನ ಇಎಚ್-5ಬಿ ಕೊಡುವುದೇ 9 ವೋಲ್ಟ್, ಅದರ ಮಾತು ಬೇರೆ). ಪ್ಲಸ್, ಮೈನಸ್ ಅಸಲಿ ಬ್ಯಾಟರಿಯಲ್ಲಿ ಎಲ್ಲಿದೆಯೋ ಅಲ್ಲೇ ಇದೆಯಾ ಅದನ್ನೂ ನೋಡಿ. ಅಡಾಪ್ಟರ್ ಆರಿಸುವ ಸೂತ್ರ ಇಷ್ಟೇ: ವೋಲ್ಟ್ ಸರಿಯಾಗಿ ಹೊಂದಬೇಕು. ಆ್ಯಂಪ್ ಬೇಕಾದಷ್ಟು ಇರಬೇಕು, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಹಳೇ ಕಾಲದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ ಬರೆದದ್ದಕ್ಕಿಂತ ತುಂಬಾ ಜಾಸ್ತಿ ವೋಲ್ಟೇಜ್ ಕೊಡುತ್ತವೆ. ರೇಡಿಯೊಗೆ ತಂದ ಅಡಾಪ್ಟರ್ ಕ್ಯಾಮೆರಾಗೆ ಬೇಡ. 3-6-9-12 ಎಂದು ಬಟನ್ ತಿರುಗಿಸುವ ಅಡಾಪ್ಟರಂತೂ ಬೇಡವೇ ಬೇಡ. ಕತ್ತಲಲ್ಲಿ ಯಾರದೋ ಕೈ ತಾಗಿ ಬಟನ್ ತಿರುಗಿದರೆ ಕ್ಯಾಮೆರಾ ಹೋಯಿತು.

ಯುಎಸ್‌ಬಿಯಿಂದ ನಡೆಯುವ ಡಮ್ಮಿಗಳೂ ಇವೆ. 5 ವೋಲ್ಟ್ ಅನ್ನು 8ಕ್ಕೆ ಏರಿಸುತ್ತವೆ. ಫೋಕಸ್ ಮೋಟರ್ ತಿರುಗಿದಾಗ ಕ್ಯಾಮೆರಾ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳುತ್ತದೆ. ಆಗ ದುರ್ಬಲ ಪವರ್ ಬ್ಯಾಂಕ್ ಕೈ ಚೆಲ್ಲುತ್ತದೆ, ಕ್ಯಾಮೆರಾ ಆಫ್. ಪಿಡಿಯ 9 ವೋಲ್ಟ್ ತೆಗೆದುಕೊಳ್ಳುವ ಡಮ್ಮಿ ಆರಿಸಿ, ವೈರ್ ಗಿಡ್ಡ ಮತ್ತು ದಪ್ಪ ಇರಲಿ.

ಈಗ ಚಪ್ಪರದ ಕರೆಂಟಿನ ವಿಷಯ. ಮೂರು ಫೇಸ್‌ನ ತಾತ್ಕಾಲಿಕ ವೈರಿಂಗ್‌ನಲ್ಲಿ ನ್ಯೂಟ್ರಲ್ ಸಡಿಲವಾದರೆ ಪ್ಲಗ್‌ನಲ್ಲಿ 230ರ ಬದಲು 400ರ ಹತ್ತಿರ ಬರಬಹುದು. ಬಲ್ಬುಗಳು ಕೆಲವು ಕಡೆ ವಿಪರೀತ ಉರಿದು, ಇನ್ನು ಕೆಲವು ಕಡೆ ಮಂಕಾದರೆ ಅದೇ ಸೂಚನೆ. ಕೂಡಲೇ ಎಲ್ಲ ಪ್ಲಗ್ ಕಿತ್ತುಬಿಡಿ, ಆಮೇಲೆ ಎಲೆಕ್ಟ್ರಿಷಿಯನ್‌ನ ಕೂಗಿ. ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಕರೆಂಟ್ ಕಡಿಮೆಯಾದಾಗ ಅದು ಸಹಿಸುತ್ತದೆ. 400 ಸಹಿಸುವುದಿಲ್ಲ.

ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಆ ಕೆಲವು ಸೆಕೆಂಡ್ ಕೂಡ ಅಪಾಯವೇ. ಡಮ್ಮಿ ಹಾಕಿದ ಕ್ಯಾಮೆರಾದೊಳಗೆ ಬ್ಯಾಟರಿ ಇರುವುದಿಲ್ಲ. ತಟ್ಟನೆ ಆಫ್ ಆಗುತ್ತದೆ, ಓಡುತ್ತಿದ್ದ ವಿಡಿಯೊ ಫೈಲ್ ಸರಿಯಾಗಿ ಮುಚ್ಚದೆ ಕೆಡಬಹುದು. ಯುಎಸ್‌ಬಿ ದಾರಿಯಲ್ಲಿ ಈ ತೊಂದರೆ ಇಲ್ಲ, ಒಳಗಿನ ಬ್ಯಾಟರಿ ನಡುವೆ ಕೈ ಹಿಡಿಯುತ್ತದೆ. ನಾನು ಯುಎಸ್‌ಬಿ ಕಡೆಗೇ ಒಲವು ತೋರಿಸುವುದು ಅದಕ್ಕೇ. ಡಮ್ಮಿಯೇ ಗತಿ ಎಂದಾದರೆ ಕಂಪ್ಯೂಟರ್‌ಗೆ ಇಡುವ ಸಣ್ಣ ಯುಪಿಎಸ್ ಒಂದನ್ನು ನಡುವೆ ಹಾಕಿ.

ಕರೆಂಟ್ ಕೊಟ್ಟ ಮಾತ್ರಕ್ಕೆ ಎಲ್ಲ ಕ್ಯಾಮೆರಾ ರಾತ್ರಿಯಿಡೀ ರೆಕಾರ್ಡ್ ಮಾಡುತ್ತವೆ ಎಂದುಕೊಳ್ಳಬೇಡಿ. ಹಲವು ಹಳೇ ಮಾದರಿಗಳು 29 ನಿಮಿಷ 59 ಸೆಕೆಂಡ್‌ಗೆ ತಾವೇ ನಿಲ್ಲಿಸುತ್ತವೆ. ಅಡಾಪ್ಟರ್‌ಗೆ ಖರ್ಚು ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಪೆನ್ಸಿಲ್ ಸೆಲ್ ಹಾಕುವ ಫ್ಲ್ಯಾಶ್, ಹಳೇ ಕ್ಯಾಮೆರಾ

ಹೆಚ್ಚಿನ ಫ್ಲ್ಯಾಶ್‌ಗಳಿಗೆ ನಾಲ್ಕು ಎಎ ಸೆಲ್ ಬೇಕು. ಟಿವಿ ರಿಮೋಟಿಗೆ ಹಾಕುವ ಅಗ್ಗದ ಸೆಲ್ ಇಲ್ಲಿ ಏನೂ ಪ್ರಯೋಜನವಿಲ್ಲ. ನಿಕಲ್-ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ತನ್ನಿ. ಪ್ಯಾನಸೋನಿಕ್ ಎನೆಲೂಪ್ ಥರದವು ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿದ್ದರೂ ಚಾರ್ಜ್ ಹೆಚ್ಚು ಇಳಿಯುವುದಿಲ್ಲ. ಬಿಳಿ ಎನೆಲೂಪ್‌ನದ್ದು ಸುಮಾರು 2000 ಮಿಲಿಆ್ಯಂಪ್-ಅವರ್. ಎಎ ಅಳತೆಯಲ್ಲಿ 4000 ಎಂದು ಕೂಗುವ ಸೆಲ್ ಕಂಡರೆ ಮೇಲೆ ಹೇಳಿದ ಮಾತೇ ಇಲ್ಲೂ. ಒಂದೊಂದು ಸೆಲ್ ಅನ್ನೂ ಬೇರೆಯಾಗಿ ನೋಡಿ ಚಾರ್ಜ್ ಮಾಡುವ ಚಾರ್ಜರ್ ಸ್ವಲ್ಪ ದುಬಾರಿ, ಆದರೆ ಸೆಲ್‌ಗಳ ಆಯಸ್ಸು ಅದರಲ್ಲೇ ಇದೆ. ಹಳೇದು ಹೊಸದು ಬೆರೆಸಬೇಡಿ.

14500 ಎಂಬ ಲಿಥಿಯಂ ಸೆಲ್ ನೋಡಲು ಥೇಟ್ ಎಎ ಥರವೇ ಇರುತ್ತದೆ. ಅದು 3.7 ವೋಲ್ಟ್. ಪೂರ್ತಿ ಚಾರ್ಜ್ ಆದ ನಾಲ್ಕು ಹಾಕಿದರೆ 6ರ ಜಾಗದಲ್ಲಿ 16 ವೋಲ್ಟ್ ಮೀರುತ್ತದೆ. ಫ್ಲ್ಯಾಶ್ ಅಲ್ಲೇ ಮುಗಿಯಿತು.

ಮಕ್ಕಳಿಗೆ ಆಡಲು ಕೊಟ್ಟ ಹಳೇ ಕ್ಯಾನನ್ ಪವರ್‌ಶಾಟ್ ಎ ಸರಣಿಯ ಕ್ಯಾಮೆರಾ ಮನೆಯಲ್ಲಿದ್ದರೆ, ಅದರ ಅಡಾಪ್ಟರ್ ತೂತಿಗೆ ಸಿಕ್ಕಿದ್ದನ್ನು ಚುಚ್ಚದಂತೆ ನೋಡಿಕೊಳ್ಳಿ. ಎರಡು ಸೆಲ್‌ನ ಮಾದರಿಗಳು ಕೇಳುವುದು 3.15 ವೋಲ್ಟ್ ಅಷ್ಟೇ.

ಇಡುವುದು, ಎಸೆಯುವುದು, ವಿಮಾನದಲ್ಲಿ ಒಯ್ಯುವುದು

ಬಿಸಿಲು ಬ್ಯಾಟರಿಯ ದೊಡ್ಡ ಶತ್ರು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡಬೇಡಿ. ಬಿಸಿಯಾದ ಬ್ಯಾಟರಿಯನ್ನು ತಣ್ಣಗಾಗುವ ತನಕ ಚಾರ್ಜ್‌ಗೆ ಹಾಕಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ತಂಪು ಜಾಗದಲ್ಲಿ ಇಡಿ. ಪೂರ್ತಿ ಖಾಲಿ ಮಾಡಿ ಇಟ್ಟರೆ ಮತ್ತೆ ಏಳದೇ ಹೋಗಬಹುದು. ಹೊಸ ಬ್ಯಾಟರಿಯನ್ನು ಮೊದಲ ಸಲ ಚಾರ್ಜ್ ಮಾಡುವಾಗ ಹಾಸಿಗೆ, ಸೋಫಾ ಮೇಲೆ ಇಡದೆ ಬರೀ ನೆಲದ ಮೇಲಿಡಿ, ಕಣ್ಣೆದುರು ಇರಲಿ. ಬೆಚ್ಚಗಾಗುವುದು ಸರಿ, ಮುಟ್ಟಲಾಗದಷ್ಟು ಬಿಸಿ ಸರಿಯಲ್ಲ.

ಬ್ಯಾಟರಿ ಕ್ಯಾಮೆರಾದಿಂದ ಸಲೀಸಾಗಿ ಹೊರಗೆ ಬರುತ್ತಿಲ್ಲವೆಂದರೆ ಉಬ್ಬಿದೆಯಾ ನೋಡಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಸರ್ವಿಸ್ ಸೆಂಟರ್‌ಗೆ ಕೊಡಿ. ಹೊರಗೆ ಬಂದ ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಬಾರದು, ಕಸದ ಬುಟ್ಟಿಗೂ ಹಾಕಬಾರದು. ಪಿನ್‌ಗಳ ಮೇಲೆ ಟೇಪ್ ಅಂಟಿಸಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದೇ. ಕೊಂಡ ಅಂಗಡಿಯಲ್ಲೂ ಕೇಳಿ ನೋಡಿ.

ವಿಮಾನದಲ್ಲಿ ಹೋಗುವಾಗ ಹೆಚ್ಚುವರಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಒಂದೊಂದು ಬ್ಯಾಟರಿ 100 ವಾಟ್-ಅವರ್ ಒಳಗಿದ್ದರೆ ವಿಶೇಷ ಅನುಮತಿ ಬೇಡ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. ಅದರ ಮೇಲಿನದ್ದು ಪ್ರಯಾಣಿಕರು ಒಯ್ಯುವಂತಿಲ್ಲ. ಕ್ಯಾಮೆರಾ ಬ್ಯಾಟರಿಗಳು ಇಪ್ಪತ್ತನ್ನೂ ದಾಟುವುದು ಅಪರೂಪ, ಹಾಗಾಗಿ ಚಿಂತೆ ಬೇಡ. ಎಲ್‌ಇಡಿ ಲೈಟಿಗೆ ಹಾಕುವ ಎನ್‌ಪಿ-ಎಫ್970 ಕೂಡ 50ರ ಒಳಗೇ ಇರುತ್ತದೆ. ವಿಡಿಯೊದವರ ದೊಡ್ಡ ವಿ-ಮೌಂಟ್ ಬ್ಯಾಟರಿ ಇದ್ದರೆ ಮಾತ್ರ ಲೇಬಲ್ ನೋಡಿ. ಹೆಚ್ಚಿನವುಗಳ ಮೇಲೆ 95, 98, 99 ಎಂದೇ ಏಕೆ ಇರುತ್ತದೆ ಎಂಬುದು ಈಗ ಗೊತ್ತಾಗಿರಬೇಕು. ಸಂಖ್ಯೆ ಅಳಿಸಿಹೋಗಿದ್ದರೆ ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು, ಅಲ್ಲಿ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಬಿಡಿ ಬ್ಯಾಟರಿಗಳನ್ನು ಪ್ಲಾಸ್ಟಿಕ್ ಮುಚ್ಚಳ ಹಾಕಿ ಅಥವಾ ಬೇರೆ ಬೇರೆ ಪೌಚ್‌ನಲ್ಲಿಡಿ. ಕೀ, ಚಿಲ್ಲರೆ ಇರುವ ಜೇಬಿನಲ್ಲಿ ಮಾತ್ರ ಬೇಡ.